ಬಲಗಣ್ಣಿನ ಗಾಜು

ಬಾಗಿಲಿಗೆ ಅಡ್ಡ ಚಾಚಿದ್ದ ದೊಡ್ಡಕ್ಕನ ತೋಳನ್ನು ಅವಳು ಎರಡು ಬೆರಳಲ್ಲಿ ಹಿಡಿದು, ದಾರಿಗೆ ಬಿದ್ದ ಮುಳ್ಳನ್ನು ಎತ್ತಿಡುವ ಹಾಗೆ ಪಕ್ಕಕ್ಕೆ ಸರಿಸಿ ಒಳಗೆ ಕಾಲಿಟ್ಟಳು.

“ಹನ್ನೊಂದು ವರ್ಷ ಈ ಮನೆ ದಾರಿ ಗೊತ್ತಿರ್ಲಿಲ್ಲ. ಇವತ್ತು ಗೊತ್ತಾಯ್ತಾ?” ಎಂದಳು ದೊಡ್ಡಕ್ಕ.

“ದಾರಿ ಗೊತ್ತಿತ್ತು. ನೀವಿದೀರಿ ಅಂತಾನೂ ಗೊತ್ತಿತ್ತು. ಅದಕ್ಕೇ ಬರ್ಲಿಲ್ಲ.”

“ಬಾಯಿ ಮಾತ್ರ ಸವೆದಿಲ್ಲ.”

“ನಿಮ್ಮದೇನು ತುಕ್ಕು ಹಿಡಿದಿದೆಯಾ?”

ಒಳಗೆ ಹೆಣ ಮಲಗಿದೆ, ಹೊಸ್ತಿಲಲ್ಲಿ ಹೆಂಗಸರಿಬ್ಬರು ಹೀಗೆ. ಕುರ್ಚಿಗಳಲ್ಲಿ ಕೂತಿದ್ದ ಬೀದಿಯ ಜನ ತಲೆ ತಗ್ಗಿಸಿದರು, ಕಿವಿಯನ್ನೇನೂ ತಗ್ಗಿಸಲಿಲ್ಲ. ದೊಡ್ಡಕ್ಕ ಎಂದರೆ ಸತ್ತವನ ಅಕ್ಕ. ತಮ್ಮನಿಗೆ ಮಾತ್ರವಲ್ಲ, ಇಡೀ ಬೀದಿಗೇ ದೊಡ್ಡಕ್ಕ. ಒಳಗೆ ಬಂದವಳು ಸತ್ತವನ ಹೆಂಡತಿ. ಇಬ್ಬರದೂ ಮೊದಲಿನಿಂದ ಎಣ್ಣೆ ಸೀಗೆಕಾಯಿ ಸಂಬಂಧ. ಸಾವು ಬಂದರೂ ಅದು ಬದಲಾಗುವ ಲಕ್ಷಣ ಇರಲಿಲ್ಲ.

ಸತ್ತವನು ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ನಲವತ್ತೈದು ವರ್ಷ ಗಾಜು ಉಜ್ಜಿದವನು. ಜನ ಅವನನ್ನು ಕನ್ನಡಕದಣ್ಣ ಎಂದೇ ಕರೆಯುತ್ತಿದ್ದರು. ನಿನ್ನೆ ಬೆಳಿಗ್ಗೆ ಉಜ್ಜುವ ಚಕ್ರ ತಿರುಗುತ್ತಿರುವಾಗಲೇ ಸ್ಟೂಲಿನಿಂದ ಜಾರಿದ್ದ. ಎತ್ತಿಕೊಳ್ಳುವಷ್ಟರಲ್ಲಿ ಮುಗಿದಿತ್ತು. ಈಗ ಮುಂದಿನ ಕೋಣೆಯ ಬೆಂಚಿನ ಮೇಲೆ, ಗಲ್ಲದ ತನಕ ಬಿಳಿ ಹೊದಿಕೆ ಹೊದ್ದು ಮಲಗಿದ್ದ. ಉಗುರಿನ ಸಂದಿಯಲ್ಲಿ ಗಾಜಿನ ಬಿಳಿ ಹುಡಿ ಹಾಗೇ ಇತ್ತು. ಅವಳು ಅದನ್ನು ನೋಡಿದಳು, ಮುಖ ನೋಡಲಿಲ್ಲ.

ಅವಳು ಅಳುವುದಕ್ಕೆ ಬಂದದ್ದಲ್ಲ. ಎರಡು ತಾಸು ಬಸ್ಸಿನಲ್ಲಿ ಕೂತು, ತಾನು ಕೆಲಸ ಮಾಡುವ ಔಷಧಿ ಅಂಗಡಿಗೆ ರಜೆ ಹಾಕಿ, ಒಂದೇ ಒಂದು ಮಾತು ಕೇಳುವುದಕ್ಕೆ ಬಂದಿದ್ದಳು. ಈ ಮನುಷ್ಯ ತನಗೆ ಮೋಸ ಮಾಡಿದ್ದ ಎನ್ನುವ ಮಾತು. ಅದನ್ನು ನಾಲ್ಕು ಜನರ ಎದುರು ಹೇಳಬಲ್ಲವರು ಇಬ್ಬರೇ ಇದ್ದರು. ಒಬ್ಬ ಬೆಂಚಿನ ಮೇಲೆ ಮಲಗಿದ್ದ. ಇನ್ನೊಬ್ಬಳು ಬಾಗಿಲಲ್ಲಿ ನಿಂತು ಅವಳ ಚಪ್ಪಲಿಯನ್ನು ದುರುಗುಟ್ಟಿ ನೋಡುತ್ತಿದ್ದಳು.

ಮೂಲೆಯ ಕುರ್ಚಿಯಲ್ಲಿದ್ದ ಅಂಗಡಿಯ ಪಾಲುದಾರ ಎದ್ದು ಜಾಗ ಕೊಟ್ಟ. ಗಿರಾಕಿಗಳ ಕಣ್ಣು ಪರೀಕ್ಷೆ ಮಾಡಿ ಪವರ್ ಬರೆದುಕೊಡುವವನು ಅವನೇ. ಅವಳಿಗೆ ಫೋನ್ ಮಾಡಿದವನೂ ಅವನೇ. ಒಳ್ಳೆಯವನು. ಒಳ್ಳೆಯವರು ಹೊತ್ತು ಗೊತ್ತಿಲ್ಲದೆ ಮಾಡುವ ತಪ್ಪನ್ನೇ ಅವನೂ ಮಾಡಿದ. ಜನ ಸುಮ್ಮನೆ ಕೂತದ್ದು ನೋಡಿ, ಏನಾದರೂ ಒಳ್ಳೆಯ ಮಾತು ಆಡೋಣವೆಂದು ಗಂಟಲು ಸರಿಮಾಡಿಕೊಂಡ.

“ಇವ್ರ ಮದುವೆ ಕತೆ ನಿಮಗೆಲ್ಲ ಗೊತ್ತಲ್ಲ. ಆ ದೇವರೇ ಕೂಡಿಸಿದ ಜೋಡಿ. ಗಾಜೇ ಹುಡುಗೀನ ಹುಡುಕ್ಕೊಂಡು ಬಂದಿದ್ದು.”

“ಆ ಕತೆ ಇವತ್ತು ಬೇಡ,” ಎಂದಳು ಅವಳು.

“ಇವತ್ತಲ್ದೆ ಇನ್ಯಾವತ್ತಮ್ಮ?” ಎಂದು ಅವನು ಮುಂದುವರಿಸಿಯೇ ಬಿಟ್ಟ.

* * *

ಮೂವತ್ತೊಂದು ವರ್ಷದ ಹಿಂದೆ, ಜೂನ್ ಇಪ್ಪತ್ತು. ಅವಳ ಮದುವೆಗೆ ಒಂಬತ್ತು ದಿನ ಉಳಿದಿತ್ತು. ಗಂಡು ಹಿಟ್ಟಿನ ಮಿಲ್ಲಿನವನು. ಅಪ್ಪ ಹುಡುಕಿದ್ದ, ಅಪ್ಪ ಒಪ್ಪಿದ್ದ, ಅವಳನ್ನು ಕೇಳುವುದು ಮಾತ್ರ ಬಾಕಿ ಉಳಿದು ಹಾಗೇ ಮರೆತುಹೋಗಿತ್ತು. ಬಟ್ಟೆ ತರಲೆಂದು ಈ ಊರಿಗೆ ಬಂದವಳು ಬಸ್ಸಿಳಿಯುವ ನೂಕುನುಗ್ಗಲಲ್ಲಿ ಕನ್ನಡಕ ಬೀಳಿಸಿಕೊಂಡಳು. ಅದರ ಮೇಲೆ ಯಾರೋ ಕಾಲಿಟ್ಟರು. ಕನ್ನಡಕವಿಲ್ಲದೆ ಅವಳಿಗೆ ದೂರದ ಮನುಷ್ಯನೂ ಒಂದೇ, ಕಂಬವೂ ಒಂದೇ. ಗೋಡೆ ಹಿಡಿದುಕೊಂಡು ಕನ್ನಡಕದ ಅಂಗಡಿ ಹತ್ತಿದಳು.

ಹದಿನೆಂಟು ದಿನದ ಹಿಂದೆ ಇದೇ ಅಂಗಡಿಗೆ ಅವಳು ಒಮ್ಮೆ ಬಂದಿದ್ದಳು. ಆಸ್ಪತ್ರೆಯಲ್ಲಿ ಹೊಸದಾಗಿ ಬರೆಸಿದ ಪವರ್ ಚೀಟಿ ತೋರಿಸಿ, ಎಷ್ಟಾಗುತ್ತದೆಂದು ಕೇಳಿ, ಮದುವೆ ಮುಗಿಯಲಿ ಎಂದು ವಾಪಸ್ ಹೋಗಿದ್ದಳು. ಈ ಸಲ ಅದೇ ಚೀಟಿಯನ್ನು ಕೌಂಟರಿನ ಮೇಲಿಟ್ಟಳು.

“ಮಾಡೋಕೆ ಎರಡು ದಿನ ಬೇಕು. ಅಲ್ಲೀವರೆಗೆ ಯಾವುದಾದ್ರೂ ಹಳೇದು ಹಾಕ್ಕೊಳ್ಳಿ, ರಸ್ತೆ ದಾಟೋಕಾದ್ರೂ ಬೇಕಲ್ಲ,” ಎಂದು ಕಣ್ಣು ಪರೀಕ್ಷೆಯವನು ಡ್ರಾಯರ್ ಎಳೆದು, ಯಾರೋ ಗಿರಾಕಿ ಬೇಡವೆಂದು ಬಿಸಾಡಿ ಹೋಗಿದ್ದ ಒಂದು ದಪ್ಪ ಕರಿ ಫ್ರೇಮನ್ನು ಅವಳ ಕೈಗೆ ಕೊಟ್ಟ. ಗಂಡಸರ ಫ್ರೇಮು. ಅವಳು ಹಾಕಿಕೊಂಡಳು.

ಎದುರುಗೋಡೆಯ ಅಕ್ಷರಪಟ್ಟಿಯ ಕೊನೆಯ ಸಾಲು, ಅದರ ಕೆಳಗೆ ಮುದ್ರಕರ ವಿಳಾಸ, ಅದರ ಮೇಲೆ ಕೂತಿದ್ದ ನೊಣದ ಕಾಲು, ಎಲ್ಲವೂ ಕಂಡವು. ನೊಣದಾಚೆ, ಹಿಂದಿನ ಕೋಣೆಯ ಪುಟ್ಟ ಕಿಟಕಿಯಲ್ಲಿ, ಮೂಗಿನ ಮೇಲೆ ಬಿಳಿ ಹುಡಿ ಮೆತ್ತಿಕೊಂಡ ಒಬ್ಬ ತನ್ನನ್ನೇ ನೋಡುತ್ತಿರುವುದೂ ಕಂಡಿತು.

ಬಲಗಣ್ಣಿಗೆ ಮೂರೂವರೆ, ಎಡಗಣ್ಣಿಗೆ ಒಂದೂಕಾಲು. ಅವಳ ಚೀಟಿಯಲ್ಲಿದ್ದದ್ದೂ ಅದೇ, ಆ ಕನ್ನಡಕದಲ್ಲಿದ್ದದ್ದೂ ಅದೇ. ಕಣ್ಣಿನಿಂದ ಕಣ್ಣಿಗಿರುವ ಅಂತರ ಕೂಡ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಮೊದಲಿನ ಗಿರಾಕಿಗೆ ಬೇಕಾಗಿದ್ದದ್ದು ಬಲಕ್ಕೆ ಒಂದೂಕಾಲು, ಎಡಕ್ಕೆ ಮೂರೂವರೆ. ಗಾಜು ಉಜ್ಜುವವನು ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಕೂರಿಸಿಬಿಟ್ಟಿದ್ದ. ಫ್ರೇಮನ್ನು ಎದುರಿಗೆ ಹಿಡಿದು ಕೂತವನಿಗೆ ಗಿರಾಕಿಯ ಬಲ ತನ್ನ ಎಡ. ಈ ಕಸುಬಿಗೆ ಬಂದವನಿಗೆ ಮೊದಲ ದಿನ ಹೇಳಿಕೊಡುವ ಪಾಠ ಅದು. ಹದಿನಾಲ್ಕು ವರ್ಷದಲ್ಲಿ ಒಂದು ದಿನವೂ ಅವನು ಆ ಪಾಠ ಮರೆತಿರಲಿಲ್ಲ.

“ಹೇಗಾಯ್ತು ಇದು?” ಎಂದು ಅವಳು ಕೇಳಿದಳು.

“ಗೊತ್ತಿಲ್ಲ ಕಣ್ರೀ,” ಎಂದ ಅವನು. “ಯಾಕೋ ಆವತ್ತು ಕೈ ತಾನಾಗೇ ತಿರುಗ್ತು.”

ಅವಳು ಬಟ್ಟೆ ಕೊಳ್ಳದೆ ಊರಿಗೆ ಹೋದಳು. ಮಿಲ್ಲಿನವನನ್ನು ಬೇಡ ಎಂದಳು. ತಾನು ಯಾರನ್ನು ನೋಡಬೇಕೋ ಅವನನ್ನು ನೋಡಲಿ ಎಂದೇ ಈ ಕನ್ನಡಕ ಮೊದಲೇ ಬಂದು ಡ್ರಾಯರಿನಲ್ಲಿ ಕಾಯುತ್ತಿತ್ತು ಎಂದು ಅಪ್ಪನಿಗೆ ಹೇಳಿದಳು. ಅಪ್ಪ ಕಡ್ಡಿ ಮುರಿದ ಹಾಗೆ ಹೇಳಿದ: “ಹಾಗಾದ್ರೆ ಆ ಕನ್ನಡಕದಲ್ಲಿ ಇನ್ಮೇಲೆ ನನ್ನ ಮುಖ ನೋಡ್ಬೇಡ.” ಅವನು ಆಡಿದ ಮಾತಿಗೆ ತಪ್ಪುವವನಲ್ಲ. ಆರು ವರ್ಷದ ನಂತರ ಅವನು ಸತ್ತ ಸುದ್ದಿ ಅವಳಿಗೆ ಮುಟ್ಟಿದ್ದು ಮೂರನೆಯ ದಿನ, ಎಲ್ಲ ಮುಗಿದ ಮೇಲೆ.

* * *

“ಆ ದೇವರು ಮಾಡಿದ ತಪ್ಪು ಅದು, ಮನುಷ್ಯ ಮಾಡಿದ್ದಲ್ಲ,” ಎಂದು ಕಣ್ಣು ಪರೀಕ್ಷೆಯವನು ಕತೆ ಮುಗಿಸಿದ. ಎದುರುಮನೆಯಾಕೆ ಮೂಗು ಒರೆಸಿಕೊಂಡಳು.

“ಸುಳ್ಳು,” ಎಂದಳು ಅವಳು.

ಕುರ್ಚಿಗಳೆಲ್ಲ ಅವಳ ಕಡೆ ತಿರುಗಿದವು.

“ಅದು ತಪ್ಪೂ ಅಲ್ಲ, ವಿಧಿಯೂ ಅಲ್ಲ. ಜೂನ್ ಎರಡನೇ ತಾರೀಕು ನಾನು ಚೀಟಿ ತೋರಿಸಿದಾಗ ಇವನು ಕಿಟಕೀಲಿ ನೋಡ್ದ. ಪವರ್ ನೋಡ್ಕೊಂಡ. ಬೇಕು ಅಂತಲೇ ಮಾಡಿ, ಯಾರೋ ಬಿಟ್ಟುಹೋದದ್ದು ಅಂತ ಡ್ರಾಯರಲ್ಲಿಟ್ಟ. ಇಲಿ ಬೋನಲ್ಲಿ ಕೊಬ್ಬರಿ ಇಟ್ಟ ಹಾಗೆ. ಕೇಳಿ ಬೇಕಾದ್ರೆ ದೊಡ್ಡಕ್ಕನ್ನ. ನನಗೆ ಹೇಳಿದ್ದೇ ಇವ್ರು. ಹೇಳಿ ದೊಡ್ಡಕ್ಕ, ಎಲ್ಲರೆದುರಿಗೆ ಹೇಳಿ. ಅಷ್ಟು ಕೇಳ್ಕೊಂಡು ನಾನು ಮುಂದಿನ ಬಸ್ ಹಿಡೀತೀನಿ.”

ದೊಡ್ಡಕ್ಕ ಹೊದಿಕೆಯ ಅಂಚನ್ನು ಸರಿಮಾಡಿದಳು. ಅದು ಸರಿಯಾಗಿಯೇ ಇತ್ತು.

“ಹೆಣದ ಮುಂದೆ ನ್ಯಾಯ ಬೇಡ,” ಎಂದಳು.

“ಹೆಣ ಎತ್ತೋಕೆ ಮುಂಚೆ ಬೇಕು ನನಗೆ.”

* * *

ಹನ್ನೊಂದು ವರ್ಷದ ಹಿಂದೆ ಒಂದು ಭಾನುವಾರ ಮಧ್ಯಾಹ್ನ, ಅಡುಗೆಮನೆಯಲ್ಲಿ ಬಟಾಣಿ ಸುಲಿಯುತ್ತ ಕೂತಾಗ ನಡೆದದ್ದು ಅದು. ಜಗಳ ಹುಟ್ಟಿದ್ದು ಒಂದು ಹಳೆಯ ಬೀರುವಿನಿಂದ. ಗಂಡ ಬಿಟ್ಟ ಮೇಲೆ ದೊಡ್ಡಕ್ಕ ಅವನ ಮನೆಯಿಂದ ಬರುವಾಗ ತಂದ ಬೀರು ಅದು. ತಮ್ಮನ ಹೆಂಡತಿ ಅದನ್ನು ಹಿತ್ತಲಿಗೆ ಹಾಕಿಸಿದ್ದಳು. ನನ್ನನ್ನು ಕೇಳದೆ ಹಾಕಿಸಲು ನೀನು ಯಾರು ಎಂದು ದೊಡ್ಡಕ್ಕ ಕೇಳಿದಳು. ಆಗ ಅವಳು ಆಡಿದ ಮಾತು ಹೀಗಿತ್ತು:

“ನನ್ನನ್ನ ಈ ಮನೆಗೆ ಕಳ್ಸಿದ್ದು ವಿಧಿ. ನಿಮ್ಮನ್ನ ಕಳ್ಸಿದ್ದು ನಿಮ್ಮ ಗಂಡ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ದೊಡ್ಡಕ್ಕ ಕೈಯಲ್ಲಿದ್ದ ಬಟಾಣಿ ಸಿಪ್ಪೆಯನ್ನು ಕೆಳಗಿಟ್ಟು, ಮೆಲ್ಲಗೆ, ಬಹಳ ಮೆಲ್ಲಗೆ, ಹೇಳಿದಳು. ಯಾವ ವಿಧಿ? ನೀನು ಚೀಟಿ ತಂದ ದಿನವೇ ಅವನು ನಿನ್ನ ನೋಡಿದ್ದ. ನನ್ನ ಹತ್ತಿರ ತಾನೇ ಹೇಳಿದ, ಅಕ್ಕಾ, ಆ ಹುಡುಗಿಗೆ ಒಂದು ಆಟ ಹೂಡ್ತೀನಿ ಅಂತ. ಹದಿನಾಲ್ಕು ವರ್ಷ ತಪ್ಪದ ಕೈ ಆವತ್ತೇ ತಪ್ಪುತ್ತದೆಯೇ?

ಆ ಕೊನೆಯ ಮಾತು ಅವಳೊಳಗೆ ಹೊಕ್ಕು ಕೂತಿತು. ಹೌದಲ್ಲ, ತಪ್ಪುತ್ತದೆಯೇ? ಅವನ ಕೈ ಎಂಥದೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಉಪ್ಪಿನ ಡಬ್ಬಿಯ ಮುಚ್ಚಳವನ್ನು ಕೂಡ ಗೆರೆ ಕೂಡಿಸಿ ಮುಚ್ಚುವವನು. ಮೂರು ತಿಂಗಳು ಅವನ ತಲೆ ತಿಂದಳು. ಊಟಕ್ಕೆ ಕೂತಾಗ ಕೇಳಿದಳು, ಅಂಗಡಿಗೆ ಹೊರಟಾಗ ಕೇಳಿದಳು. ಯಾರು ಆ ಗಿರಾಕಿ? ಹೆಸರೇನು? ಯಾವ ತಾರೀಕು? ಕಣ್ಣು ಪರೀಕ್ಷೆಯವನನ್ನು ಕೇಳಿದರೆ ಅವನಿಗೂ ಆ ಗಿರಾಕಿ ನೆನಪಿರಲಿಲ್ಲ. ಗಂಡ ಪ್ರತಿ ಸಲವೂ ಅದೇ ಹೇಳಿದ. ನೆನಪಿಲ್ಲ. ಯಾರೋ. ಕೈ ತಾನಾಗೇ ತಿರುಗ್ತು.

“ಆಟ ಹೂಡಿದ್ದು ನಿಜ ತಾನೇ? ಒಂದ್ಸಲ ಒಪ್ಕೊಂಡುಬಿಡು, ನನಗೆ ನಿದ್ದೆಯಾದ್ರೂ ಬರುತ್ತೆ,” ಎಂದಳು ಕೊನೆಗೊಮ್ಮೆ.

ಅವನು ದಣಿದಿದ್ದ. ಒಂದು ಕ್ಷಣ ಯೋಚಿಸಿ, ನಕ್ಕ ಕೂಡ. “ಆಯ್ತು ಮಾರಾಯ್ತಿ, ನಾನೇ ಮಾಡಿದ್ದು. ನಿನಗೋಸ್ಕರ ಮಾಡಿದ್ದು. ಅಷ್ಟು ಆಸೆ ಪಟ್ಟಿದ್ದೆ ಅಂತಿಟ್ಕೋ. ಸಾಕಾ?”

ಹಾಗೆಂದರೆ ಹೆಂಡತಿಗೆ ಖುಷಿಯಾದೀತು ಎಂದು ಭಾವಿಸಿದ್ದ ಆ ಮಂಕು. ಗಾಜು ಉಜ್ಜುವುದರಲ್ಲಿ ಇದ್ದ ಬುದ್ಧಿ ಅವನಿಗೆ ಬೇರೆಲ್ಲೂ ಇರಲಿಲ್ಲ. ಅವಳು ಖುಷಿಪಡಲಿಲ್ಲ. ಒಂದು ಬೋನಿಗೋಸ್ಕರ ತಾನು ಅಪ್ಪನ ಮುಖ ಕಳೆದುಕೊಂಡೆ ಎಂದು ಲೆಕ್ಕ ಹಾಕಿದಳು. ಮರುದಿನ ಬೆಳಿಗ್ಗೆ ಒಂದು ಚೀಲ ತುಂಬಿಕೊಂಡು ಹೊರಟಳು. ಅವನು ಎರಡು ವರ್ಷ ಫೋನ್ ಮಾಡಿದ, ಆಮೇಲೆ ಮಾಡಲಿಲ್ಲ.

* * *

“ಯಾವ ತಿಂಗಳು ಅಂದ್ರಿ?”

ಬಾಗಿಲ ಪಕ್ಕ ಗೋಡೆಗೆ ಒರಗಿ ನಿಂತಿದ್ದ ಒಬ್ಬ ಮುದುಕ ಕೇಳಿದ. ಬಂದಾಗಿನಿಂದ ಅವನು ಕೂತಿರಲಿಲ್ಲ, ಹೂವು ಇಟ್ಟಿರಲಿಲ್ಲ, ಟೀ ಕೊಟ್ಟರೆ ಬೇಡವೆಂದಿದ್ದ. ಕಣ್ಣು ಪರೀಕ್ಷೆಯವನು ಅವನನ್ನು ಈಗಷ್ಟೇ ಗುರುತಿಸಿದ. ಅಂಗಡಿಯ ಮುಂದೆ ದಿನಾ ನಡೆದುಹೋಗುವ ನಿವೃತ್ತ ಪೋಸ್ಟ್‌ಮ್ಯಾನ್.

“ಜೂನ್,” ಎಂದಳು ಅವಳು. “ನಿಮಗೇನು?”

“ಮೂವತ್ತೊಂದು ವರ್ಷದ ಹಿಂದಿನ ಜೂನ್?”

“ಹೌದು. ಯಾರು ನೀವು?”

“ಆ ಕನ್ನಡಕದ ಯಜಮಾನ,” ಎಂದ ಮುದುಕ. “ಬಲಕ್ಕೆ ಒಂದೂಕಾಲು, ಎಡಕ್ಕೆ ಮೂರೂವರೆ. ಕರಿ ಫ್ರೇಮು. ಅದನ್ನ ಹಾಕ್ಕೊಂಡು ಒಂದೇ ಒಂದು ದಿನ ಕಾಗದ ಹಂಚಿದೆ. ಹೊಸ ಏರಿಯಾ, ಮನೆಗಳ ಗುರುತಿಲ್ಲ. ಕೈಯಲ್ಲಿರೋ ಕವರ್ ಕಾಣ್ತಿತ್ತು, ಬಾಗಿಲ ಮೇಲಿನ ನಂಬರ್ ಕಾಣ್ತಿರ್ಲಿಲ್ಲ. ಮೂರು ಎಂಟಾಯ್ತು, ಎಂಟು ಮೂರಾಯ್ತು. ತಲೆ ತಿರುಗಿ ಸೈಕಲ್ಲಿಂದ ಬೇರೆ ಬಿದ್ದೆ. ಮರುದಿನ ತಂದು ಇವನ ಕೌಂಟರ್ ಮೇಲೆ ಬಿಸಾಕಿದೆ. ಆವತ್ತಿಂದ ಈ ಅಂಗಡಿ ಕಡೆ ಮುಖ ಹಾಕಿಲ್ಲ. ಆ ಫುಟ್‌ಪಾತಲ್ಲಿ ನಡೆಯುವಾಗೆಲ್ಲ ಮುಖ ತಿರುಗಿಸಿಕೊಂಡೇ ಹೋಗಿದೀನಿ.”

“ಮತ್ತೆ ಇವತ್ತು ಯಾಕೆ ಬಂದ್ರಿ?” ಎಂದು ಎದುರುಮನೆಯಾಕೆ ಕೇಳಿದಳು.

“ಸತ್ತವನಿಗೆ ಮುಖ ತಿರುಗಿಸಿದ್ದು ಗೊತ್ತಾಗಲ್ಲವಲ್ಲ. ಅದಕ್ಕೆ ಬಂದೆ.”

ಅವಳು ಎದ್ದು ನಿಂತಿದ್ದಳು. “ತಾರೀಕು ಹೇಳಿ.”

“ಬಾಯಲ್ಲಿ ಹೇಳಿದ್ರೆ ನಂಬ್ತೀರಾ ನೀವು? ನಂಬೋ ಪೈಕಿ ಕಾಣಲ್ಲ. ನನ್ನ ಹತ್ರ ಕಾಗದ ಇದೆ. ಎರಡು ಬೀದಿ ಆಚೆ ಮನೆ, ತರ್ತೀನಿ.”

ಅವನು ಹೋಗಿ ಬರುವುದಕ್ಕೆ ಅರ್ಧ ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಅವಳು ಬೆಂಚಿನ ಪಕ್ಕ ನಿಂತೇ ಇದ್ದಳು. ಮೊದಲ ಸಲ ಗಂಡನ ಮುಖ ನೋಡಿದಳು. ಸೊರಗಿದ್ದ. ಗಡ್ಡ ಸರಿಯಾಗಿ ಬೋಳಿಸಿರಲಿಲ್ಲ, ಕಿವಿಯ ಹತ್ತಿರ ನಾಲ್ಕು ಬಿಳಿ ಕೂದಲು ಉಳಿದಿದ್ದವು. ಆ ಮುದುಕ ಜೂನ್ ತಿಂಗಳ ಕಾಗದ ತರಲಿ ಎಂದು ಅವಳು ಮನಸ್ಸಿನಲ್ಲಿ ಬೇಡಿಕೊಂಡಳು. ಜೂನ್ ಎರಡರ ನಂತರದ ಯಾವ ತಾರೀಕಾದರೂ ಆದೀತು. ಬೇಡಿಕೊಳ್ಳುತ್ತಿರುವುದು ಏನೆಂದು ಆಮೇಲೆ ಹೊಳೆಯಿತು. ಗಂಡ ಮೋಸಗಾರನೇ ಆಗಿರಲಿ ಎಂದು ಅವನ ಹೆಣದ ಪಕ್ಕ ನಿಂತು ಬೇಡುತ್ತಿದ್ದಾಳೆ. ಇಲ್ಲವಾದರೆ ಈ ಹನ್ನೊಂದು ವರ್ಷವನ್ನು ತೆಗೆದುಕೊಂಡು ಹೋಗಿ ಎಲ್ಲಿಡುವುದು?

ಮುದುಕ ಪ್ಲಾಸ್ಟಿಕ್ ಹಾಳೆಯೊಳಗೆ ಇಟ್ಟಿದ್ದ ಕಾಗದ ತಂದ. ಕಂದುಬಣ್ಣಕ್ಕೆ ತಿರುಗಿದ್ದರೂ ಮಡಿಕೆಯ ಹೊರತು ಎಲ್ಲೂ ಹರಿದಿರಲಿಲ್ಲ. ದ್ವೇಷವನ್ನು ಇಷ್ಟು ಅಚ್ಚುಕಟ್ಟಾಗಿ ಜೋಪಾನ ಮಾಡಿದವರು ಅಪರೂಪ. ಕಣ್ಣು ಪರೀಕ್ಷೆಯವನು ಕಿಟಕಿಯ ಬೆಳಕಿಗೆ ಹಿಡಿದು ಗಟ್ಟಿಯಾಗಿ ಓದಿದ.

“ಏಪ್ರಿಲ್ ಹನ್ನೊಂದರಂದು ಒಟ್ಟು ಹನ್ನೆರಡು ಕಾಗದಗಳನ್ನು ತಪ್ಪು ವಿಳಾಸಕ್ಕೆ ಹಾಕಿರುವುದು ದೂರುಗಳಿಂದ ತಿಳಿದುಬಂದಿದೆ. ಹೊಸ ಕನ್ನಡಕದಲ್ಲಿ ಎಡಬಲ ಅದಲುಬದಲಾಗಿತ್ತು ಎಂಬ ತಮ್ಮ ಸಮಜಾಯಿಷಿ ತೃಪ್ತಿಕರವಾಗಿಲ್ಲ. ತಮಗೆ ಕಟ್ಟುನಿಟ್ಟಿನ ಎಚ್ಚರಿಕೆ ನೀಡಲಾಗಿದೆ.”

“ಅದೊಂದು ಮೆಮೊ ಇರ್ಲಿಲ್ಲ ಅಂದ್ರೆ ಆ ವರ್ಷ ನನಗೆ ಬಡ್ತಿ,” ಎಂದ ಮುದುಕ. “ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ಲ.”

ಏಪ್ರಿಲ್. ಅದೇ ವರ್ಷ ಅವಳು ಚೀಟಿ ತಂದದ್ದು ಜೂನ್. ಆ ಚೀಟಿ ಬರೆದ ಡಾಕ್ಟರನ್ನೇ ಅವಳು ಏಪ್ರಿಲ್‌ನಲ್ಲಿ ಕಂಡಿರಲಿಲ್ಲ. ಯಾರಿಗೂ ಗೊತ್ತಿರದ ಅವಳ ಕಣ್ಣನ್ನು ಅವನು ಎರಡು ತಿಂಗಳು ಮೊದಲೇ ಉಜ್ಜಿ ಇಟ್ಟಿದ್ದ, ತನಗೇ ತಿಳಿಯದೆ.

ಅವಳು ಕಾಗದ ಇಸಿದುಕೊಂಡು ತಾನೇ ಓದಿದಳು. ತಾರೀಕನ್ನು ಬೆರಳಿಂದ ಉಜ್ಜಿ ನೋಡಿದಳು. ಅಳಿಸಿಹೋಗುವ ಶಾಯಿ ಅದಾಗಿರಲಿಲ್ಲ.

“ನಿಮಗೆ ಅದ್ರಲ್ಲಿ ಚೆನ್ನಾಗಿ ಕಾಣ್ತಿತ್ತಾ?” ಎಂದು ಮುದುಕ ಕೇಳಿದ. ಸಿಟ್ಟು ಹಾಗೇ ಇತ್ತು, ಆದರೂ ತಿಳಿಯಬೇಕಾಗಿತ್ತು.

“ಕಾಣ್ತಿತ್ತು.”

“ಅಷ್ಟಾದ್ರೂ ಆಯ್ತು,” ಎಂದು ಅವನು ಕಾಗದ ವಾಪಸ್ ಪಡೆದು ಪ್ಲಾಸ್ಟಿಕ್ಕಿನೊಳಗೆ ತೂರಿಸಿದ. ಬೆಂಚಿನ ಕಡೆ ಒಮ್ಮೆ ನೇರವಾಗಿ ನೋಡಿ ಹೊರಟುಹೋದ.

ಅವಳು ದೊಡ್ಡಕ್ಕನ ಕಡೆ ತಿರುಗಿದಳು. ದನಿ ಏರಲಿಲ್ಲ, ಏರಿಸುವ ತ್ರಾಣವೂ ಇರಲಿಲ್ಲ.

“ಅವನು ನಿಮ್ಮ ಹತ್ರ ಏನೂ ಹೇಳಿರ್ಲಿಲ್ಲ ಅಲ್ವಾ?”

“ಇಲ್ಲ.”

“ನೀವಾಗೇ ಕಟ್ಟಿದ್ದು.”

“ನಾನಾಗೇ ಕಟ್ಟಿದ್ದು. ನೀನು ನನ್ನ ಗಂಡನ ಮಾತು ಎತ್ತಿದೆ. ನನ್ನ ಕೈಗೆ ಏನು ಸಿಕ್ತೋ ಅದ್ರಲ್ಲಿ ಹೊಡೆದೆ. ನಾನು ಆಡಿದ್ದು ಒಂದು ಮಾತು. ಅದನ್ನ ಮೂರು ತಿಂಗಳು ಸಾಕಿ ಬೆಳೆಸಿದ್ದು ನೀನು. ಇಪ್ಪತ್ತು ವರ್ಷ ಜತೇಲಿ ಬಾಳಿದವನ ಮಾತು ಬಿಟ್ಟು, ನಿನಗೆ ಆಗದವಳ ಮಾತು ನಂಬಿದೆ.”

“ಈ ಹನ್ನೊಂದು ವರ್ಷದಲ್ಲಿ ಒಂದು ದಿನ ಬಂದು ಹೇಳ್ಬಹುದಿತ್ತು.”

“ಹೇಳ್ಬಹುದಿತ್ತು,” ಎಂದಳು ದೊಡ್ಡಕ್ಕ. “ನೀನು ಹೋದ ಮೇಲೆ ಅವನು ಮತ್ತೆ ನನ್ನ ತಮ್ಮ ಆದ. ಅದಕ್ಕೇ ಹೇಳ್ಲಿಲ್ಲ. ಶಾಪ ಹಾಕೋದಿದ್ರೆ ಹಾಕು, ಗಾಡಿ ಬರೋ ಹೊತ್ತಾಯ್ತು.”

ಅವಳು ಶಾಪ ಹಾಕಲಿಲ್ಲ. ಬಾಯಿ ತೆರೆದರೆ ಬರುವುದು ತನ್ನದೇ ಹೆಸರು ಎಂದು ಗೊತ್ತಿತ್ತು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ?

ಗಾಡಿ ಎರಡಕ್ಕೆ ಬಂತು. ಹೆಣದ ಪಕ್ಕದ ಸೀಟಿನಲ್ಲಿ ಇಬ್ಬರಿಗಷ್ಟೇ ಜಾಗ. ದೊಡ್ಡಕ್ಕ ಹತ್ತಿದಳು, ಅವಳೂ ಹತ್ತಿದಳು. ದಾರಿಯುದ್ದಕ್ಕೂ ಒಬ್ಬಳು ಆ ಕಿಟಕಿ, ಇನ್ನೊಬ್ಬಳು ಈ ಕಿಟಕಿ ನೋಡಿದರು. ಪ್ರತಿ ಹಳ್ಳಕ್ಕೂ ಇಬ್ಬರ ಕೈಗಳೂ ಒಟ್ಟಿಗೆ ಹೊದಿಕೆಯ ಮೇಲೆ ಹೋಗುತ್ತಿದ್ದವು, ಒಟ್ಟಿಗೆ ವಾಪಸ್ ಬರುತ್ತಿದ್ದವು.

ಸ್ಮಶಾನದ ಕಚೇರಿಯಲ್ಲಿ ಒಂದು ಮೇಜು, ಒಂದು ಫ್ಯಾನು, ನೆಗಡಿಯಾದ ಒಬ್ಬ ಗುಮಾಸ್ತ. ಅವರ ಹಿಂದೆ ಇನ್ನೂ ಎರಡು ಮನೆಯವರು ಸಾಲಿನಲ್ಲಿ ನಿಂತಿದ್ದರು.

“ಹತ್ತಿರದ ಸಂಬಂಧ ಯಾರು?” ಎಂದು ಗುಮಾಸ್ತ ಫಾರಂ ಮುಂದೆ ತಳ್ಳಿದ.

“ನಾನು ಅಕ್ಕ.”

“ಹೆಂಡತಿ ಇಲ್ವಾ?”

ದೊಡ್ಡಕ್ಕ ಮೇಜಿನ ಮುಂದಿನಿಂದ ಸರಿದು ನಿಂತಳು. “ಇದಾಳೆ,” ಎಂದಳು.

ಅವಳು ಪೆನ್ನು ತೆಗೆದುಕೊಂಡಳು. ಔಷಧಿ ಅಂಗಡಿಯಲ್ಲಿ ದಿನಕ್ಕೆ ನೂರು ಚೀಟಿ ಬರೆಯುವವಳು, ಇವತ್ತಿನವರೆಗೆ ಒಬ್ಬರ ಮಾತ್ರೆ ಇನ್ನೊಬ್ಬರಿಗೆ ಕೊಟ್ಟವಳಲ್ಲ. ದುಂಡನೆಯ ಅಕ್ಷರದಲ್ಲಿ ನಿಧಾನವಾಗಿ ಬರೆದು ಫಾರಂ ವಾಪಸ್ ಕೊಟ್ಟಳು.

ಗುಮಾಸ್ತ ಓದಿ ತಲೆ ಎತ್ತಿದ. “ಇದು ಗಂಡಸಿನ ಹೆಸರಾ?”

“ಅಲ್ಲ. ನನ್ನದು.”

“ತೀರಿಕೊಂಡವರ ಹೆಸರು ಅಂತಿರೋ ಕಡೆ ನಿಮ್ಮ ಹೆಸರು ಬರ್ದಿದೀರಲ್ಲಮ್ಮ. ಸಹಿ ಕೂಡ ಅಲ್ಲೇ.”

ಅವಳು ಬಗ್ಗಿ ನೋಡಿದಳು. ನಿಜವಾಗಿತ್ತು. ಹೇಗೆ ಬರೆದೆ, ಯಾವಾಗ ಬರೆದೆ ಎನ್ನುವುದು ಅವಳಿಗೇ ತಿಳಿಯಲಿಲ್ಲ. ತನ್ನ ಬಲಗೈಯನ್ನು ತಿರುಗಿಸಿ, ಅಂಗೈ ಮುಂಗೈ ಎರಡನ್ನೂ ನೋಡಿದಳು. ಆಗ ಅವಳಿಗೆ ಅಳು ಬಂತು. ಬೆಳಿಗ್ಗೆಯಿಂದ ಬಾರದಿದ್ದದ್ದು, ಹನ್ನೊಂದು ವರ್ಷದಿಂದ ಬಾರದಿದ್ದದ್ದು, ಸಾಲಿನಲ್ಲಿದ್ದ ಅಪರಿಚಿತರ ಎದುರಿಗೆ ದನಿ ಸಮೇತ ಬಂತು.

ಗುಮಾಸ್ತ ಫಾರಂ ಹರಿದು ಹೊಸದೊಂದು ಕೊಟ್ಟ. ಅವಳು ಪೆನ್ನನ್ನು ಮತ್ತೆ ಮೊದಲ ಸಾಲಿಗೇ ಒಯ್ದಳು. ದೊಡ್ಡಕ್ಕ ಪಕ್ಕಕ್ಕೆ ಬಂದು, ಅವಳ ಮುಖ ನೋಡದೆ, ಮಣಿಕಟ್ಟನ್ನು ಗಟ್ಟಿಯಾಗಿ, ನೋಯುವಷ್ಟು ಗಟ್ಟಿಯಾಗಿ ಹಿಡಿದಳು. ಇನ್ನೊಂದು ಕೈಯ ತೋರುಬೆರಳನ್ನು ಕಾಗದದ ಎರಡನೆಯ ಸಾಲಿನ ಮೇಲೆ ಊರಿದಳು.

“ಇಲ್ಲಿ,” ಎಂದಳು. “ಹೆಂಡತಿ ಅಂತ ಇಲ್ಲಿ ಬರಿ.”